ಮೊಲದ ಹಲ್ಲು

"ಈ ವಸ್ತು ನಿಮ್ಮಿಬ್ಬರಲ್ಲಿ ಯಾರಿಗೆ ಸೇರಿದ್ದು?" ಎಂದು ಫೋನು ಕನ್ನಡದಲ್ಲಿ ಕೇಳಿತು.

ಮೇಜಿನ ಆಚೆ ಕೂತಿದ್ದ ಪೊಲೀಸ್ ಅಧಿಕಾರಿ ತನ್ನ ಭಾಷೆಯಲ್ಲಿ ಏನೋ ಹೇಳಿ, ಅದನ್ನು ಅನುವಾದಿಸುವ ಫೋನನ್ನು ಮಾವ ಸೊಸೆಯರ ಕಡೆ ತಿರುಗಿಸಿಟ್ಟಿದ್ದಳು. ಅದರ ದನಿಯಲ್ಲಿ ಏರಿಳಿತವಿರಲಿಲ್ಲ. ರೈಲು ತಡವಾಗಿ ಬರುತ್ತದೆಂದು ಸಾರುವ ದನಿಯ ಹಾಗಿತ್ತು. ಫೋನಿನ ಪಕ್ಕದಲ್ಲಿ ಒಂದು ಪಾರದರ್ಶಕ ಚೀಲ, ಚೀಲದೊಳಗೆ ಬೆರಳುದ್ದದ ಕಪ್ಪು ಕೊಳವೆ.

"ನಂದು," ಎಂದಳು ಸೊಸೆ.

ಮಾವ ಅವಳ ಕಡೆ ತಿರುಗಿದರು. "ಏನಂದೆ?"

"ನಂದೇ ಮಾವ. ನಾನು ಸೇದ್ತೀನಿ."

ಅವರ ತೊಡೆಯ ಮೇಲೆ ಬಾಳೆಹಣ್ಣಿನ ಚೀಲವಿತ್ತು. ಹೆಂಡತಿ ಮಂಡಿನೋವೆಂದು ಹೋಟೆಲಿನ ಕೋಣೆಯಲ್ಲೇ ಮಲಗಿದ್ದಳು. ಹಣ್ಣು ತರಲು ಇವರಿಬ್ಬರು ಕೆಳಗಿಳಿದಿದ್ದರು. ಸೊಸೆಯನ್ನು ಎದುರಿನ ಉದ್ಯಾನದ ಬೆಂಚಿನಲ್ಲಿ ಕೂರಿಸಿ ಅವರು ಅಂಗಡಿಗೆ ಹೋಗಿದ್ದರು. ಹೊರಬಂದಾಗ ಅವಳ ಮುಂದೆ ಇಬ್ಬರು ಪೊಲೀಸರು ನಿಂತಿದ್ದರು. ಅವಳ ತುಟಿಗಳ ನಡುವೆ ಕಪ್ಪಗೆ ಏನೋ ಇತ್ತು. ದೂರದಿಂದ ಅವರಿಗೆ ಅದು ಪೆನ್ನಿನಂತೆ ಕಂಡಿತ್ತು.

ಈಗ ಗೊತ್ತಾಯಿತು, ಇ-ಸಿಗರೇಟು. ಅದೇ ಕೊಳವೆಯ ಚಿತ್ರಕ್ಕೆ ಕೆಂಪು ಗೆರೆ ಎಳೆದ ಫಲಕ ವಿಮಾನ ನಿಲ್ದಾಣದಲ್ಲಿತ್ತು, ಈ ಕೋಣೆಯ ಗೋಡೆಯ ಮೇಲೂ ಇತ್ತು. ವಿಮಾನದಲ್ಲಿ ಅದನ್ನೇ ಎರಡೆರಡು ಸಲ ಹೇಳಿದ್ದರು. ಆಗ ಹೆಂಡತಿ, "ಸದ್ಯ, ನಮ್ಮನೇಲಿ ಅಂಥ ದರಿದ್ರ ಯಾವುದೂ ಇಲ್ಲ," ಎಂದಿದ್ದಳು. ಸೊಸೆ ಕಿಟಕಿಯಾಚೆ ನೋಡುತ್ತಿದ್ದಳು.

ಅಧಿಕಾರಿ ಮತ್ತೆ ಮಾತಾಡಿದಳು. ಕೆಳಗಿನ ಸಾಲಿನಲ್ಲಿ ಅವಳ ಎರಡು ಹಲ್ಲು ಒಂದರ ಮೇಲೊಂದು ಏರಿಕೊಂಡಿವೆ ಎಂಬುದನ್ನು ಅವರು ಆಗಲೇ ಗಮನಿಸಿದ್ದರು. ಡೆಂಟಲ್ ಲ್ಯಾಬಿನಲ್ಲಿ ಮೂವತ್ತು ವರ್ಷ ಬೇರೆಯವರ ಬಾಯಿಗೆ ಹಲ್ಲು ಮಾಡಿಕೊಟ್ಟವರು. ಮಾತಾಡುವವರ ಮುಖ ಬಿಟ್ಟು ಬಾಯಿ ನೋಡ್ತಾ ಕೂರ್ತೀರಿ ಎಂದು ಹೆಂಡತಿ ಮದುವೆಯಾದಾಗಿನಿಂದ ಬಯ್ಯುತ್ತಿದ್ದಳು.

ಫೋನು ಹೇಳಿತು: "ನಮ್ಮಲ್ಲಿ ಇದನ್ನು ಸೇದುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅಪರಾಧ. ದಂಡ ಕಟ್ಟಿ ನೀವು ಹೋಗಬಹುದು. ವಸ್ತುವನ್ನು ನಾಶಪಡಿಸಲಾಗುವುದು."

ಸೊಸೆ ಅಷ್ಟು ಹೊತ್ತಿಗೆ ಮೊದಲ ಬಾರಿ ತಲೆ ಎತ್ತಿದಳು. ಕುರ್ಚಿಯ ಅಂಚಿಗೆ ಸರಿದು ಫೋನಿನ ಹತ್ತಿರ ಬಾಗಿ, "ದಂಡ ಎಷ್ಟಾದ್ರೂ ಕಟ್ತೀನಿ ಮೇಡಂ. ಅದನ್ನ ವಾಪಸ್ ಕೊಟ್ಟುಬಿಡಿ. ಅದ್ರಲ್ಲಿ ಚಾರ್ಜೇ ಇಲ್ಲ. ಹೊಗೆ ಬರಲ್ಲ. ಬೇಕಾದ್ರೆ ಒಳಗಿರೋದೆಲ್ಲ ಕಿತ್ತು ಬಿಸಾಕಿ, ಬರೀ ಅದನ್ನ ಕೊಡಿ," ಎಂದಳು.

ಫೋನು ಅಷ್ಟನ್ನೂ ಅಧಿಕಾರಿಗೆ ಒಪ್ಪಿಸಿತು. ಅಧಿಕಾರಿ ಬೇಸರವಿಲ್ಲದೆ ತಲೆಯಾಡಿಸಿದಳು. ಆಗುವುದಿಲ್ಲ.

"ಮಾವ, ನೀವಾದ್ರೂ ಹೇಳಿ."

ಮಾವ ಮುಖ ತಿರುಗಿಸಿದರು. ತಮ್ಮನ ಬಾಯಿ ಅವರ ಕಣ್ಣ ಮುಂದೆ ಬಂದಿತ್ತು. ತಂಬಾಕಿನಿಂದ ಅವನ ಮೇಲ್ದವಡೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆದಿದ್ದರು. ಕುಡಿದ ನೀರು ಮೂಗಿನಿಂದ ಬರುತ್ತಿತ್ತು. ಆ ತೂತು ಮುಚ್ಚುವ ತಟ್ಟೆಯನ್ನು ಅವರೇ ಲ್ಯಾಬಿನಲ್ಲಿ ತಯಾರಿಸಿದ್ದರು. ಸರಿಯಾಗಿ ಕೂರುವವರೆಗೆ ತಿದ್ದಿ ತಿದ್ದಿ ಉಜ್ಜಿದ್ದರು. ಅದನ್ನು ಹಾಕಿಕೊಂಡ ತಮ್ಮ "ಅಣ್ಣ" ಅಂದಿದ್ದ. ಬಹಳ ದಿನ ಅನ್ನಲಿಲ್ಲ.

ಮಗ ಕಾಲೇಜಿನಲ್ಲಿ ಸಿಗರೇಟು ಸೇದಿದ ಸುದ್ದಿ ಬಂದ ದಿನ ಅವರು ಬಯ್ಯಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋಗಿ, ಚಿಕ್ಕಪ್ಪನ ಬಾಯಿಯ ಪ್ಲಾಸ್ಟರ್ ಅಚ್ಚನ್ನು ಅವನ ಕೈಗೆ ಕೊಟ್ಟರು. ಹುಡುಗ ಆ ತೂತಿನೊಳಗೆ ಬೆರಳಿಟ್ಟು ನೋಡಿದ. "ಇನ್ನು ಮುಟ್ಟಲ್ಲ ಅಪ್ಪ," ಎಂದ. ಆ ಮಾತನ್ನು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೆಣ್ಣು ನೋಡಲು ಹೋದಾಗ ಇದೇ ಸೊಸೆಯ ತಂದೆಯ ಮುಂದೆಯೂ ಹೇಳಿದ್ದರು.

"ಅವನಿಗೆ ಗೊತ್ತಿತ್ತಾ?" ಎಂದು ಈಗ ಕೇಳಿದರು.

ಸೊಸೆ ಮತ್ತೆ ತಲೆ ತಗ್ಗಿಸಿದಳು. "ಇಲ್ಲ. ಗೊತ್ತಿದ್ರೆ ಅವ್ರು ನನ್ನ ಬಿಡ್ತಿದ್ರಾ? ನಾನೇ ಕದ್ದುಮುಚ್ಚಿ..."

"ಸಾಕು."

ಅಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಬಾಳೆಹಣ್ಣು ತರೋಕೆ ಹೋದೋರು ಅಲ್ಲೇ ತೋಟ ಹಾಕಿಸ್ತಾ ಇದೀರಾ?"

"ಬರ್ತೀವಿ. ಸ್ವಲ್ಪ ಸುತ್ತಾಡ್ತಾ ಇದೀವಿ."

"ನನ್ನ ಬಿಟ್ಟು ಸುತ್ತಾಡಿ, ಚೆನ್ನಾಗಿ ಸುತ್ತಾಡಿ. ಅವಳು ಏನಾದ್ರೂ ತಿಂದ್ಲಾ? ಬೆಳಿಗ್ಗೆಯಿಂದ ಒಂದು ಬ್ರೆಡ್ಡು ಕಚ್ಚಿಟ್ಟಿದಾಳೆ ಅಷ್ಟೆ. ಪಕ್ಕದಲ್ಲಿದಾಳಾ? ಕೊಡಿ ಅವಳಿಗೆ."

ಸೊಸೆ ಫೋನು ತೆಗೆದುಕೊಂಡು, "ಹೂಂ ಅತ್ತೆ... ತಿಂದೆ ಅತ್ತೆ... ಇಲ್ಲ, ಚಳಿ ಏನಿಲ್ಲ," ಎಂದಳು. ದನಿ ಎಷ್ಟು ಸಲೀಸಾಗಿತ್ತೆಂದರೆ ಮಾವನ ಸಿಟ್ಟು ಇನ್ನಷ್ಟು ಏರಿತು. ಇಷ್ಟು ಚೆನ್ನಾಗಿ ಸುಳ್ಳು ಹೇಳುವವಳು ಎಷ್ಟು ದಿನದಿಂದ ಹೇಳುತ್ತಿದ್ದಾಳೋ.

ಈ ಪ್ರವಾಸ ನಾಲ್ಕು ಜನರದ್ದು. ಮಗನೇ ಎಲ್ಲ ಗೊತ್ತುಮಾಡಿದ್ದ. ಆಮೇಲೆ ಒಂದು ಬೆಳಿಗ್ಗೆ ಹಾಲು ತರಲು ಹೋದವನಿಗೆ ಲಾರಿ ಬಡಿಯಿತು. ಟಿಕೆಟ್ಟುಗಳನ್ನು ರದ್ದು ಮಾಡಿಸಲು ಸೊಸೆ ಹೊರಟಾಗ ಹೆಂಡತಿಯೇ ತಡೆದಿದ್ದಳು: ಮೊಲ ಆಸೆಪಟ್ಟು ಮಾಡಿಸಿದ್ದು, ಹೋಗಿಬರೋಣ. ವಿಮಾನದಲ್ಲಿ ಖಾಲಿ ಇದ್ದ ನಾಲ್ಕನೆಯ ಸೀಟಿನ ಮೇಲೆ ಅವಳು ತನ್ನ ಚೀಲ ಇಟ್ಟುಕೊಂಡಳು. ಯಾರೋ ಬಂದು ಕೂರಬಹುದೇ ಎಂದು ಸನ್ನೆ ಮಾಡಿದಾಗ, "ಇಲ್ಲ, ಬರ್ತಾರೆ," ಎಂದು ಕನ್ನಡದಲ್ಲೇ ಹೇಳಿ ಚೀಲದ ಮೇಲೆ ಕೈಯಿಟ್ಟಳು.

ಮೊಲ ಎಂಬುದು ಮಗನ ಅಡ್ಡಹೆಸರು. ಹುಡುಗನಾಗಿದ್ದಾಗ ಜಾರುಬಂಡಿಯಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ. ಅಪ್ಪ ಮಾಡಿದ ಕ್ಯಾಪು ಪಕ್ಕದ ಹಲ್ಲಿಗಿಂತ ಒಂದು ಎಳೆ ಉದ್ದವಾಯಿತು. ಬೇರೆಯವರ ಹಲ್ಲಾಗಿದ್ದರೆ ಆ ತಪ್ಪು ಆಗುತ್ತಿರಲಿಲ್ಲ; ಸ್ವಂತ ಮಗನ ಬಾಯಿಯೆಂದು ಅಂದು ಅವರ ಕೈ ನಡುಗಿತ್ತು. ಶಾಲೆಯಲ್ಲಿ ಎಲ್ಲರೂ ಮೊಲ ಎಂದರು, ಮನೆಯಲ್ಲೂ ಅದೇ ಉಳಿಯಿತು. ದೊಡ್ಡವನಾದ ಮೇಲೆ ಕ್ಯಾಪು ಬದಲಿಸುವಾಗ ಸರಿಯಾದ ಅಳತೆಗೆ ಮಾಡುತ್ತೇನೆಂದರೆ ಅವನು ಒಪ್ಪಲಿಲ್ಲ. "ಅಷ್ಟೇ ಉದ್ದ ಇರಲಿ ಅಪ್ಪ. ಇಲ್ಲದಿದ್ರೆ ಕನ್ನಡೀಲಿ ಬೇರೆ ಯಾರೋ ಕಾಣ್ತಾರೆ." ಬೇಕೆಂದೇ ಎರಡನೆಯ ಸಲ ಆ ತಪ್ಪು ಮಾಡಿದರು.

ಅಧಿಕಾರಿ ಒಂದು ಚೀಟಿಯನ್ನು ಅಂಟಿಸಲು ಚೀಲವನ್ನು ಮಗುಚಿದಳು. ಕೊಳವೆ ಒಳಗೇ ಜಾರಿ, ತುದಿ ಮಾವನ ಕಡೆ ತಿರುಗಿತು. ತುದಿಯಲ್ಲಿ ಬಾಯಿಗಿಡುವ ಚಪ್ಪಟೆ ಭಾಗ. ಮೆತ್ತನೆಯ ಪ್ಲಾಸ್ಟಿಕ್ಕು, ಕಚ್ಚಿ ಕಚ್ಚಿ ಸವೆದಿತ್ತು. ಟ್ಯೂಬ್‌ಲೈಟಿನ ಬೆಳಕು ಓರೆಯಾಗಿ ಬಿದ್ದು ಎರಡು ಕುಳಿಗಳು ಕಂಡವು.

ಒಂದು ಮೇಲುಮೇಲೆ. ಪಕ್ಕದ್ದು ಆಳ.

ಮಾವ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮನೆಯ ಪ್ರತಿಯೊಂದು ಪೆನ್ನಿನ ಮುಚ್ಚಳದ ಮೇಲೂ ಈ ಗುರುತು ಇತ್ತು. ಟಿವಿ ರಿಮೋಟಿನ ಮೂಲೆಯಲ್ಲಿ ಕೂಡ. ಇದೇನು ಇಲಿಯೋ ಮೊಲವೋ ಎಂದು ಹೆಂಡತಿ ಕೂಗಾಡುತ್ತಿದ್ದಳು. ಅವನು ಹೋದ ಮೇಲೆ ಆ ಮುಚ್ಚಳಗಳು ಒಂದೊಂದಾಗಿ ಕಾಣೆಯಾಗಿದ್ದವು. ಯಾರೂ ಯಾರನ್ನೂ ಕೇಳಿರಲಿಲ್ಲ.

ಪಕ್ಕದಲ್ಲಿ ಸೊಸೆ ತನ್ನ ಎರಡು ಕೈಗಳನ್ನೂ ಮಂಡಿಗಳ ನಡುವೆ ಒತ್ತಿಕೊಂಡು ಕೂತಿದ್ದಳು. ಮಾವ ಅವಳ ಬಾಯಿಯನ್ನು ನೋಡಿದರು. ಸಣ್ಣ, ಸಮನಾದ ಹಲ್ಲುಗಳು. ಕೆಳತುಟಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದಳು.

ಅವರು ಮೇಜಿನ ಮೇಲಿದ್ದ ಫೋನನ್ನು ಹತ್ತಿರಕ್ಕೆಳೆದುಕೊಂಡರು. ಅಧಿಕಾರಿ ಬೆರಳಿನಿಂದ ಒತ್ತುವ ಜಾಗ ತೋರಿಸಿದಳು.

"ಅದು ಇವಳದ್ದಲ್ಲ," ಎಂದರು. "ಅದು ನನ್ನ ಮಗನದು. ಅವನು..."

ಫೋನು ಕಾಯಿತು. ಪರದೆಯ ಮೇಲೆ ಮೂರು ಚುಕ್ಕಿಗಳು ಏಳುತ್ತ ಬೀಳುತ್ತ ಇದ್ದವು. ಆಮೇಲೆ ಅದೇ ಸಮನಾದ ದನಿಯಲ್ಲಿ, "ಕ್ಷಮಿಸಿ, ಕೇಳಿಸಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ," ಎಂದಿತು.

"ಮಾವ, ಬೇಡ," ಎಂದಳು ಸೊಸೆ.

ಮನೆಯಲ್ಲಿ ಆ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಅದು ಆದಾಗ, ಅದು ಆದ ಮೇಲೆ, ಎಂದಷ್ಟೇ ಹೇಳಿಕೊಂಡು ದಿನ ದೂಡಿದ್ದರು. ಅವರು ಫೋನನ್ನು ಮತ್ತೆ ಒತ್ತಿದರು.

"ನನ್ನ ಮಗ ಸತ್ತುಹೋಗಿದಾನೆ. ಅದನ್ನ ಅವನು ಬಾಯಲ್ಲಿ ಇಟ್ಕೊಳ್ತಿದ್ದ. ಆ ತುದಿ ಮಾತ್ರ ಕೊಡಿ. ಬೇರೇನೂ ಬೇಡ."

ಫೋನು ಒಂದು ಕ್ಷಣವೂ ತಡಮಾಡದೆ ಆ ಮಾತನ್ನು ಆ ದೇಶದ ಭಾಷೆಗೆ ತಿರುಗಿಸಿ ಹೇಳಿ ಮುಗಿಸಿತು. ಅಧಿಕಾರಿಯ ಕೈ ಚೀಟಿಯ ಮೇಲೆ ನಿಂತಿತು. ಅವಳು ಮಾವನನ್ನು, ಸೊಸೆಯನ್ನು ನೋಡಿದಳು. ಎದ್ದು ಒಳಗಿನ ಕೋಣೆಗೆ ಹೋದಳು. ಗಾಜಿನ ಬಾಗಿಲಿನ ಆಚೆ ಅವಳು ಯಾರೊಂದಿಗೋ ಮಾತಾಡುವುದು ಕಾಣುತ್ತಿತ್ತು.

"ಯಾಕೆ ಸುಳ್ಳು ಹೇಳಿದೆ?" ಎಂದು ಮಾವ ಕೇಳಿದರು.

"ನೀವು ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ರಲ್ಲ, ನನ್ನ ಮಗ ಮಾತಿಗೆ ತಪ್ಪಲಿಲ್ಲ ಅಂತ." ಅವಳು ಮೂಗೊರೆಸಿಕೊಂಡಳು. "ಆವತ್ತು ಮನೆಗೆ ಬಂದೋರ ಮುಂದೆಲ್ಲ ಅದೊಂದೇ ಮಾತು ಹೇಳ್ತಿದ್ರಿ. ನಿಮಗೆ ಉಳಿದಿದ್ದೇ ಅದು ಅನ್ನಿಸ್ತು. ಅದನ್ನೂ ಕಿತ್ಕೊಳ್ಳಲಾ?"

ಮಾವ ಮೇಜಿನ ಮೇಲಿನ ಚೀಲದತ್ತ ನೋಡಿದರು.

"ಸಿಗರೇಟು ಮಾತ್ರ ಖಂಡಿತ ಬಿಟ್ಟಿದ್ರು ಮಾವ, ಅದು ಸುಳ್ಳಲ್ಲ. ಅದನ್ನ ಬಿಡೋಕೆ ಇದನ್ನ ಹಿಡಿದ್ರು. ಆಮೇಲೆ ಇದನ್ನ ಬಿಡೋಕೆ ಆಗ್ಲಿಲ್ಲ. ಬೇರೆ ಕಡೆ ಹೋಗೋಣ ಅಂದ್ರೂ ಕೇಳ್ದೆ ಈ ದೇಶನೇ ಯಾಕೆ ಆರಿಸಿದ್ರು ಗೊತ್ತಾ? ಇಲ್ಲಿ ಕಾನೂನು ಬಿಗಿ, ಎಲ್ಲೂ ಸಿಗಲ್ಲ, ಸಿಕ್ಕಿಬಿದ್ರೆ ಮರ್ಯಾದೆ ಹೋಗುತ್ತೆ. 'ಅಪ್ಪನ ಜೊತೇಲೇ ಇರ್ತೀನಿ, ಹೋಟೆಲಲ್ಲೂ ಪಕ್ಕದ ರೂಮು, ಅಲ್ಲಿ ಹೋದ್ರೆ ತಾನಾಗೇ ಬಿಟ್ಟುಹೋಗುತ್ತೆ ನೋಡು' ಅಂತಿದ್ರು."

"ನೀನು ಯಾಕೆ ತಂದೆ?"

"ಬಿಟ್ಟು ಬರೋಕೆ ಆಗ್ಲಿಲ್ಲ. ಕನ್ನಡಕದ ಡಬ್ಬೀಲಿ ಇಟ್ಕೊಂಡು ಬಂದೆ. ನಾನು ಸೇದಲ್ಲ ಮಾವ. ಸುಮ್ಮನೆ ಅವರು ಕಚ್ಚಿದ ಜಾಗದಲ್ಲಿ ಕಚ್ಚಿ ಹಿಡ್ಕೊಳ್ತೀನಿ. ನನ್ನ ಹಲ್ಲು ಅದ್ರಲ್ಲಿ ಸರಿಯಾಗಿ ಕೂರಲ್ಲ."

ಮಾವನ ಗಂಟಲಿನಿಂದ ಏನೋ ಹೊರಟಿತು. ನಗುವಿನ ಹಾಗೆ ಆರಂಭವಾಗಿ ಬೇರೇನೋ ಆಯಿತು. "ಹೇಗೆ ಕೂರುತ್ತೆ," ಎಂದರು. "ನಾನು ಉದ್ದ ಮಾಡಿಬಿಟ್ಟಿದ್ದೆ."

ಅಧಿಕಾರಿ ಹಿಂತಿರುಗಿದಳು. ಕೂರಲಿಲ್ಲ. ನಿಂತೇ ಫೋನಿಗೆ ಮೆಲ್ಲಗೆ ಹೇಳಿದಳು. ಅವಳು ಮೆಲ್ಲಗೆ ಹೇಳಿದ್ದನ್ನು ಫೋನು ಜೋರಾಗಿಯೇ ಹೇಳಿತು: "ಅನುಮತಿ ಇಲ್ಲ. ಯಾವ ಭಾಗವನ್ನೂ ಕೊಡುವಂತಿಲ್ಲ. ನಿಮ್ಮ ದುಃಖಕ್ಕಾಗಿ ನನಗೆ ವಿಷಾದವಿದೆ."

ಆಮೇಲೆ ಫೋನಿಲ್ಲದೆ, ತನ್ನ ಭಾಷೆಯಲ್ಲೇ ಏನೋ ಅಂದು, ಚೀಲವನ್ನು ಮೇಜಿನ ಇವರ ಅಂಚಿಗೆ ಸರಿಸಿದಳು. ಮೂಲೆಯ ಯಂತ್ರದಿಂದ ನೀರು ಹಿಡಿಯಲು ಹೋಗಿ ಬೆನ್ನು ತಿರುಗಿಸಿ ನಿಂತಳು. ಲೋಟ ತುಂಬಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಮಾವ ಚೀಲವನ್ನು ಸೊಸೆಯ ಕಡೆ ತಳ್ಳಿದರು.

"ನೀವು ತಗೊಳ್ಳಿ," ಎಂದಳು ಅವಳು. "ನನ್ನ ಹತ್ರ ಇಷ್ಟು ದಿನ ಇತ್ತು."

ಅವರು ಕೈಗೆತ್ತಿಕೊಂಡರು. ಚೀಲದ ಬಾಯಿಗೆ ಬೀಗಮುದ್ರೆ ಬಿದ್ದಾಗಿತ್ತು. ತೆಳುವಾದ ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಬಲಗೈ ಹೆಬ್ಬೆರಳನ್ನು ಆ ತುದಿಗೆ ಇಟ್ಟು, ಅಚ್ಚು ತೆಗೆಯುವಾಗ ಮೇಣ ಒತ್ತುವ ಹಾಗೆ, ಅಲುಗಾಡಿಸದೆ ಒತ್ತಿ ಹಿಡಿದರು. ಉಗುರು ಬಿಳಿಚಿಕೊಂಡಿತು. ಅಧಿಕಾರಿ ಎರಡು ಲೋಟ ನೀರು ತಂದಿಟ್ಟು, ಚೀಲಕ್ಕೆ ಕೈ ಚಾಚುವವರೆಗೂ ಮಾವ ಬಿಡಲಿಲ್ಲ.

ಗೋಡೆಯ ಬದಿಯಲ್ಲಿ ಸೀಳುಬಾಯಿಯ ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಚೀಲ ಅದರೊಳಗೆ ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಳಗೆ ಅಂಥವೇ ಬಹಳ ಇದ್ದಿರಬೇಕು.

ದಂಡ ಕಟ್ಟಿದರು. ಸಹಿಯನ್ನು ಸೊಸೆಯೇ ಹಾಕಿದಳು. ಮಾವ ಬಲಗೈಯನ್ನು ಎದೆಯ ಹತ್ತಿರ ಮಡಚಿ ಹಿಡಿದಿದ್ದರು. ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೊರಬಂದರು. ಬೀದಿಯಲ್ಲಿ ಬಿಸಿಲು ಇನ್ನೂ ಇತ್ತು. ಸೈಕಲ್ಲಿನ ಮೇಲೆ ಯಾರೋ ಶಿಳ್ಳೆ ಹಾಕುತ್ತ ಹೋದರು.

"ಬಾಳೆಹಣ್ಣು ಕೊಡಿ, ನಾನು ಹಿಡ್ಕೊಳ್ತೀನಿ," ಎಂದ ಸೊಸೆ ಅವರ ಕೈ ನೋಡಿ, "ಏನಾಯ್ತು ಮಾವ ಬೆರಳಿಗೆ?" ಎಂದಳು.

ಮಾವ ಹೆಬ್ಬೆರಳನ್ನು ಅವಳ ಮುಂದೆ ಬೆಳಕಿಗೆ ಹಿಡಿದರು. ಬೆರಳಿನ ಮೆತ್ತಗಿನ ಭಾಗದಲ್ಲಿ ಎರಡು ಸಣ್ಣ ಉಬ್ಬುಗಳು ಎದ್ದಿದ್ದವು. ಒಂದು ಇನ್ನೊಂದಕ್ಕಿಂತ ಒಂದು ಎಳೆ ಎತ್ತರ.

ಅವಳು ಮುಟ್ಟಲು ಕೈ ಚಾಚಿ, ಮುಟ್ಟದೆ, ಗಾಳಿಗೆ ದೀಪ ಮರೆಮಾಡುವವರ ಹಾಗೆ ಎರಡೂ ಅಂಗೈಗಳನ್ನು ಅದರ ಸುತ್ತ ಹಿಡಿದಳು. ಜನ ಅವರನ್ನು ಬಳಸಿಕೊಂಡು ಆಚೆ ಈಚೆ ಹೋಗುತ್ತಿದ್ದರು. ಚರ್ಮ ಮೆಲ್ಲಮೆಲ್ಲಗೆ ಸಮನಾಗುತ್ತಿರುವುದನ್ನು ನೋಡುತ್ತ ಇಬ್ಬರೂ ಪಾದಚಾರಿ ದಾರಿಯ ನಡುವೆ ನಿಂತಿದ್ದರು. ಮಾವನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು.