ಜ್ವರ ಬಂದ ಗೋಡೆ

ಅಡುಗೆಮನೆಯನ್ನು ಹೊಸದಾಗಿ ಮಾಡಿಸುವಾಗ ಮಾಳೇಶ ತುಂಬ ತಲೆ ಕೆಡಿಸಿಕೊಂಡದ್ದು ಟೈಲ್ಸ್ ವಿಷಯಕ್ಕೆ. ಶಿಕಾರಿಪುರದ ಅಂಗಡಿಗಳಲ್ಲಿ ಯಾವುದೂ ಒಪ್ಪಿಗೆಯಾಗದೆ ಶಿವಮೊಗ್ಗಕ್ಕೆ ಹೋಗಿ, ಹಬೆಯಾಡುವ ಕಾಫಿ ಕಪ್ಪಿನ ಚಿತ್ರವಿದ್ದ ಟೈಲ್ಸ್ ಆರಿಸಿ ತಂದ. ಹೆಂಡತಿ ಮಮತಾಗೆ ಬೇಕಾಗಿದ್ದದ್ದು ದೊಡ್ಡದೊಂದು ಓವನ್, ಅಷ್ಟೆ. ಹುಟ್ಟುಹಬ್ಬ, ನಾಮಕರಣಗಳಿಗೆ ಅವಳು ಮನೆಯಲ್ಲೇ ಕೇಕ್ ಮಾಡಿಕೊಡುತ್ತಿದ್ದಳು.

ಎಲೆಕ್ಟ್ರಿಷಿಯನ್ ಯತೀಶ ಮೊದಲೇ ಹೇಳಿದ್ದ. "ಅಣ್ಣಾ, ಓವನ್ನಿಗೆ ಮೇನ್ ಬೋರ್ಡಿಂದ ಬೇರೆನೇ ದಪ್ಪ ವೈರ್ ಎಳೀಬೇಕು. ಅದಕ್ಕೆ ಬೇರೆ ಎಂಸಿಬಿ ಬೇಕು, ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು. ಹಳೇ ಬೋರ್ಡಲ್ಲಿ ಜಾಗನೇ ಇಲ್ಲ, ಅದನ್ನೂ ಬದಲಾಯಿಸಾಣ."

"ಗ್ವಾಡಿ ಒಳಗಿನ ವೈರ್ ಯಾರ್ ನೋಡ್ತಾರೋ? ಹಳೇದೇ ಇರ್ಲಿ ಬಿಡು" ಎಂದುಬಿಟ್ಟ ಮಾಳೇಶ.

ಓವನ್ ಬಂದ ದಿನ ಮಮತಾ ಸಂಭ್ರಮದಿಂದ ಅದನ್ನು ಹಚ್ಚಿದಳು. ಪಕ್ಕದಲ್ಲೇ ಅತ್ತೆ ಮಾಳಮ್ಮ ದೋಸೆಹಿಟ್ಟಿಗೆ ಗ್ರೈಂಡರ್ ತಿರುಗಿಸಿದರು. ಟಕ್! ಎಂಸಿಬಿ ಬಿದ್ದು ಎರಡೂ ನಿಂತವು.

"ನಿನ್ನ ಪೆಟಿಗಿ ಎಲ್ಲಾ ಕರೆಂಟು ಕುಡಿತೈತಿ ನೋಡವ್ವ."

"ನಿಮ್ಮ ಗ್ರೈಂಡರೇನು ಉಪವಾಸ ಐತೇನ್ರೀ ಅತ್ತೆ?"

ಜಗಳ ಬಗೆಹರಿಸಲು ಮಾವ ಪುಟ್ಟಪ್ಪ ಎದ್ದು ಬಂದರು. ಅವರು ನಿವೃತ್ತ ಬಸ್ ಕಂಡಕ್ಟರ್. ಅಂದಿನಿಂದ ಬೆಳಗಾದರೆ ಬೋರ್ಡಿನ ಕೆಳಗೆ ನಿಂತು, "ಗ್ರೈಂಡರ್, ಹೋಲ್ಡಾನ್! ಓವನ್, ರೈಟ್ ರೈಟ್!" ಎಂದು ಕೂಗುವುದೇ ಅವರ ಕೆಲಸವಾಯಿತು. ಅಕ್ಕಪಕ್ಕದವರು ಕೇಳಿ ನಗತೊಡಗಿದಾಗ ಮಾಳೇಶನಿಗೆ ನಾಚಿಕೆಯಾಯಿತು. ಪೇಟೆಗೆ ಹೋಗಿ ದೊಡ್ಡ ಎಂಸಿಬಿ ತಂದು, ಯಾರಿಗೂ ಹೇಳದೆ ತಾನೇ ಹಾಕಿದ. ಮರುದಿನ ಓವನ್ನೂ ಗ್ರೈಂಡರೂ ಒಟ್ಟಿಗೇ ಓಡಿದವು. ಪುಟ್ಟಪ್ಪನವರು ಸ್ವಲ್ಪ ಬೇಸರದಿಂದಲೇ ಜಗಲಿಗೆ ವಾಪಸಾದರು.

ಕೆಲವು ದಿನ ಕಳೆದ ಮೇಲೆ ಸೊರಬದ ಸಂಗೀತಾ ಎಂಬುವವರು ಮಗಳ ನಾಮಕರಣಕ್ಕೆ ಕೇಕ್ ಬೇಕೆಂದರು. ಕೇಕ್ ಕೊಡಬೇಕಾದ ದಿನ ಬೆಳಿಗ್ಗೆ ಓವನ್ನಿನಲ್ಲಿ ಅದು ಉಬ್ಬುತ್ತಿತ್ತು, ಗ್ರೈಂಡರ್ ತಿರುಗುತ್ತಿತ್ತು. ಉಪ್ಪಿನ ಡಬ್ಬಿಗೆ ಕೈಚಾಚಿದ ಮಾಳಮ್ಮ ಗೋಡೆ ಮುಟ್ಟಿ ಗಕ್ಕನೆ ನಿಂತರು.

"ಮಮತಾ, ಗ್ವಾಡಿಗೆ ಜ್ವರ ಬಂದೈತಿ!"

ಮಮತಾ ಬಂದು ಮುಟ್ಟಿದಳು. ಟೈಲ್ಸ್ ಸುಡುತ್ತಿತ್ತು, ರಬ್ಬರ್ ಸುಟ್ಟ ವಾಸನೆ ಬೇರೆ. ಅಷ್ಟರಲ್ಲಿ ಮಾಳಮ್ಮ ತಣ್ಣೀರು ಬಟ್ಟೆ ಹಿಂಡಿಕೊಂಡು ಬಂದೇಬಿಟ್ಟಿದ್ದರು.

"ಅತ್ತೆ, ನೀರು ಮುಟ್ಟಿಸ್ಬ್ಯಾಡ್ರೀ!" ಎಂದು ಚೀರಿ ಮಮತಾ ಅತ್ತೆಯ ಕೈ ಹಿಡಿದುಕೊಂಡಳು. "ಮಾವಾ, ಮೇನ್ ಆಫ್ ಮಾಡ್ರಿ!"

ಪುಟ್ಟಪ್ಪ ಓಡಿಬಂದು ಮೇನ್ ಸ್ವಿಚ್ ಇಳಿಸಿದರು. ಮನೆ ನಿಶ್ಶಬ್ದವಾಯಿತು.

ಯತೀಶ ಬಂದು ಬೋರ್ಡ್ ಬಿಚ್ಚಿ ನೋಡಿದ. "ಅಣ್ಣಾ, ವೈರಿಗೆ ತಡಿಯಂಗಿಲ್ಲ ಅನ್ನೋ ಹೊತ್ತಿಗೆ ಬೀಳ್ಲಿ ಅಂತಾನೇ ಎಂಸಿಬಿ ಇರೋದು. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದ್ರೆ ಅದು ಬೀಳಂಗಿಲ್ಲ, ವೈರೇ ಸುಡ್ತತಿ."

"ಈಗ ಎಲ್ಲಿ ಒಡಿಬೇಕು?" ಎಂದು ಮಾಳೇಶ ಮೆಲ್ಲಗೆ ಕೇಳಿದ.

ಯತೀಶ ಕಾಫಿ ಕಪ್ಪಿನ ಮೇಲೆಯೇ ಬೆರಳಿಟ್ಟ. ಮಾಳೇಶ ಸುತ್ತಿಗೆ ಕೇಳಿ ಪಡೆದು, ಕಣ್ಣು ಮುಚ್ಚಿ ತಾನೇ ಹೊಡೆದ. ಒಳಗೆ ವೈರಿನ ಸಿಪ್ಪೆ ಬೆಲ್ಲದ ಪಾಕದಂತೆ ಕರಗಿ ಇಳಿದಿತ್ತು. ಅದನ್ನು ಕಂಡು ಅವನು ಸುತ್ತಿಗೆ ಕೆಳಗಿಟ್ಟ. "ಎಲ್ರನ್ನೂ ಸುಟ್ಟುಬಿಡ್ತಿದ್ನಲ್ಲವ್ವ" ಎಂದ. ಮಾಳಮ್ಮ ಅವನ ಬೆನ್ನು ಸವರಿದರು.

ಓವನ್ನಿನಲ್ಲಿದ್ದ ಕೇಕ್ ನಡುವೆ ಕುಸಿದು ಕೆಟ್ಟಿತ್ತು. ಮಮತಾಳ ಕಣ್ಣಲ್ಲಿ ನೀರು.

"ಅಳಬ್ಯಾಡ, ಹೊಸದಾಗಿ ಕಲಸು. ಗ್ಯಾಸ್ ಐತಲ್ಲ" ಎಂದರು ಮಾಳಮ್ಮ. ಅಡುಗೆಮನೆ ಮಾಡಿಸುವಾಗ ಉಳಿದಿದ್ದ ಮರಳನ್ನು ಜರಡಿ ಹಿಡಿದು, ಹಳೇ ಬೋಗುಣಿಗೆ ಸುರಿದು ಒಲೆಯ ಮೇಲೆ ಕಾಯಿಸಿದರು. ಅದರ ಮೇಲೆ ಕೇಕಿನ ಡಬ್ಬಿ ಕೂತಿತು. ಅತ್ತೆ ಸೊಸೆ ಒಲೆಯ ಮುಂದೆ ತಲೆಗೆ ತಲೆ ತಾಗಿಸಿ, ಮುಚ್ಚಳ ಎತ್ತಿ ಎತ್ತಿ ನೋಡಿದರು. ಕೇಕ್ ಬೆಂದು, ಕ್ರೀಮ್ ಹಚ್ಚಿಸಿಕೊಂಡು, ಬಸ್ಸಿನಲ್ಲಿ ಪುಟ್ಟಪ್ಪನವರ ತೊಡೆಯ ಮೇಲೆ ಸೊರಬ ಸೇರಿತು.

ಆ ವಾರವೇ ಯತೀಶ ಹೊಸ ಬೋರ್ಡ್ ಕೂರಿಸಿದ. ಓವನ್ನಿಗೆ ದಪ್ಪ ವೈರ್, ಅದರದೇ ಎಂಸಿಬಿ. ಗ್ರೈಂಡರ್, ಫ್ರಿಜ್‌ಗಳಿಗೆ ಬೇರೆ. ಅರ್ಥಿಂಗ್ ಕೂಡ ಸರಿಮಾಡಿದ. ಎಲ್ಲವನ್ನೂ ಒಟ್ಟಿಗೆ ಹಚ್ಚಿ ನೋಡಿದರು, ಯಾವುದೂ ನಿಲ್ಲಲಿಲ್ಲ, ಗೋಡೆಯೂ ತಣ್ಣಗಿತ್ತು.

ಆಗಲೇ ಸಂಗೀತಾರ ಫೋನ್ ಬಂತು. "ಮಮತಾ, ಕೇಕ್ ಭಾಳ ಚೆನ್ನಾಗಿತ್ತು ಮಾರಾಯ್ತಿ. ನಮ್ಮ ಅತ್ತಿಗೆಗೂ ಒಂದು ಬೇಕಂತೆ. ಓವನ್ದಲ್ಲ ಮತ್ತೆ, ಅವತ್ತು ಮರಳ ಮೇಲೆ ಬೇಯಿಸಿದ್ದು ಅಂತ ನಿಮ್ಮ ಮಾವ ಹೇಳಿದ್ರಲ್ಲ, ಅದೇ ತರದ್ದು!"

ಮಮತಾ ಹೊಸ ಬೋರ್ಡನ್ನೂ ಓವನ್ನನ್ನೂ ಗಂಡನ ಮುಖವನ್ನೂ ನೋಡಿ, ನಗು ತಡೆಯಲಾರದೆ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.