ಎರಡನೇ ಪಾಲು

ಗೋಡೆಗೊರಗಿಸಿ ಕೂರಿಸಿದ್ದ ಮಂಟಯ್ಯನವರ ಮುಂದೆ ಕುಂಬಾರಕೊಪ್ಪಲಿನ ಹಿರಿಯರು ಗಹನವಾದ ಪ್ರಶ್ನೆಯೊಂದನ್ನು ಇತ್ಯರ್ಥ ಮಾಡುತ್ತಿದ್ದರು: ಕಚೇರಿಯ ಗುಲಾಬಿ ಹಾರ ಬೀಗರ ಸೇವಂತಿಗೆ ಹಾರದ ಮೇಲೆ ಬರಬೇಕೋ, ಕೆಳಗೋ?

"ಆಫೀಸಿನೋರು ಮೇಲೇ ಇರ್ಲಿ ಬುಡ್ರಪ್ಪ. ಇಷ್ಟು ದಿನ ಇದ್ದದ್ದೂ ಅಂಗೇ ಅಲ್ವಾ," ಎಂದರು ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಸಿದ್ದಲಿಂಗಸ್ವಾಮಿ.

ಹಾರ ತಂದವರು ಮಂಟಯ್ಯನವರ ಸಾಹೇಬರು, ಪರಿಸರ ಅಧಿಕಾರಿ ಗುರುಕಿರಣ್. ನೆಂಟರಿಗಿಂತ ಮೊದಲೇ ಬಂದಿದ್ದರು. ಅವರ ಕಣ್ಣು ಅಟ್ಟ, ಕಪಾಟು, ಮಂಚದಡಿ ಎಲ್ಲ ಕಡೆ ಶೋಕಿಸುತ್ತಿತ್ತು, ಹೆಣವೊಂದನ್ನು ಬಿಟ್ಟು. ಕೊನೆಗೆ ಅಡುಗೆಮನೆ ಬಾಗಿಲಲ್ಲಿ ಮಂಟಯ್ಯನವರ ಹೆಂಡತಿ ಮಂಜುಳಮ್ಮನನ್ನು ತಡೆದರು.

"ಹದಿನಾಲ್ಕನೇ ತಾರೀಕಿಂದು ಒಂದು ಬಾಟ್ಲಿ ಇಟ್ಕೊಂಡಿದ್ರು ಕಣಮ್ಮ. ಸರ್ಕಾರದ ಸ್ವತ್ತು. ನಾಳೆ ನಿಮ್ಮ ಪಿಂಚಣಿಗೆ ತೊಡಕಾಗ್ಬಾರ್ದು, ನೋಡಿ."

"ಮಣ್ಣಾಗ್ಲಿ ಸರ್, ಹುಡುಕ್ತೀನಿ."

"ಈಗ್ಲೇ ಹುಡುಕಿ. ಕಾಯ್ತೀನಿ."

*

ಕಾರ್ಖಾನೆ ಪಕ್ಕದ ಕೆರೆಯ ನೀರನ್ನು ಪರೀಕ್ಷೆಗೆ ತುಂಬುವುದು ಇಪ್ಪತ್ತೆರಡು ವರ್ಷ ಮಂಟಯ್ಯನವರ ಕೆಲಸ. ತುಂಬುತ್ತಿದ್ದದ್ದು ಮನೆಯ ನಲ್ಲಿಯಲ್ಲಿ, ಸಾಹೇಬರ ಅಪ್ಪಣೆ. ಬಾಟಲಿಗೆ ಅಂಟಿಸುವ ಚೀಟಿಗಳಿಗೆ ಗುರುಕಿರಣ್ ಕಂತೆಗಟ್ಟಲೆ ಮೊದಲೇ ಸಹಿ ಹಾಕಿ ಕೊಡುತ್ತಿದ್ದರು. ಗಂಡನ ಕೈ ನಡುಗುತ್ತಿದ್ದುದರಿಂದ ತಾರೀಕು ಬರೆದು, ಬಾಟಲಿಗೆ ಅರಗು ಸುರಿದು ಮುದ್ರೆ ಒತ್ತುವುದು ಮಂಜುಳಮ್ಮ. ಕಡತದಲ್ಲಿ ಕೆರೆ ಕುಡಿಯುವಷ್ಟು ಶುದ್ಧವಾಗಿತ್ತು.

ಕಳೆದ ತಿಂಗಳು ಹದಿನಾಲ್ಕರಂದು ನಲ್ಲಿಯಲ್ಲಿ ನೀರು ಬರಲಿಲ್ಲ. ಬೇರೆ ದಾರಿಯಿಲ್ಲದೆ ಮಂಟಯ್ಯ ಕೆರೆಗೇ ಹೋದರು. ನಿಯಮದಂತೆ ಎರಡು ಪಾಲು: ಒಂದು ಲ್ಯಾಬಿಗೆ, ಇನ್ನೊಂದು ಕೋರ್ಟು ಕೇಳಿದರೆ. ಲ್ಯಾಬಿನದು ಕೈಜಾರಿ ಒಡೆಯಿತಂತೆ. ಕಾರ್ಖಾನೆ ಮೇಲೆ ಕೆರೆದಡದವರು ಹಾಕಿದ್ದ ಕೇಸಿನಲ್ಲಿ ಕೋರ್ಟು ಎರಡನೆಯದನ್ನು ಕೇಳಿತು.

"ಇದೊಂದೇ ಕಣೇ ನಿಜ್ವಾದ್ದು," ಎಂದಿದ್ದರು ಮಂಟಯ್ಯ, ಹಾಸಿಗೆ ಹಿಡಿದ ಮೇಲೆ. "ಸೋಮವಾರ ಜಡ್ಜ್ ಮುಂದೆ ಇಡ್ಬೇಕು. ನಾನಿಲ್ದಿದ್ರೂ."

*

ಅರ್ಧ ಗಂಟೆಯ ಮೇಲೆ ಮಂಜುಳಮ್ಮ ಸೆರಗಿನಲ್ಲಿ ಬಾಟಲಿ ತಂದರು. ಗುರುಕಿರಣ್ ಬೆಳಕಿಗೆ ಹಿಡಿದರು. ಕಂದು ಗಾಜಿನಲ್ಲಿ ಎಲ್ಲ ನೀರೂ ಒಂದೇ. ಅರಗು ಮುಟ್ಟಿದರು.

"ಬೆಚ್ಚಗಿದೆಯಲ್ಲ?"

"ದೀಪದ ಪಕ್ಕ ಇತ್ತು ಸರ್. ಸಹಿ ನಿಮ್ದೇ ಅಲ್ವಾ?"

ತಮ್ಮ ಸಹಿಯನ್ನು ಅನುಮಾನಿಸುವ ಅಭ್ಯಾಸ ಅವರಿಗಿರಲಿಲ್ಲ.

ರುದ್ರಭೂಮಿಯಲ್ಲಿ, ಗುಂಡಿಯಲ್ಲಿ ಕೂತ ಮಂಟಯ್ಯನವರ ಸುತ್ತ ವಿಭೂತಿ, ಪತ್ರೆ, ಉಪ್ಪು ಬಿದ್ದ ಮೇಲೆ ಗುರುಕಿರಣ್ ಬಾಟಲಿಯನ್ನು ಅವರ ಮಡಿಲಿಗಿಟ್ಟರು. "ಪ್ರಾಮಾಣಿಕ ನೌಕರ. ಇದು ಅವರ ಜೊತೆಗೇ ಹೋಗ್ಲಿ." ಸರ್ಕಾರದ ಸ್ವತ್ತಿನ ಮಾತು ಮತ್ತೆ ಬರಲಿಲ್ಲ. ಗುಂಡಿ ಮುಚ್ಚುವವರೆಗೂ ಅವರು ಕದಲಲಿಲ್ಲ.

ಸೋಮವಾರ, ಮಂಜುಳಮ್ಮ ಅಕ್ಕಿ ಡಬ್ಬದಿಂದ ತೆಗೆದು ತಂದ ಬಾಟಲಿಯನ್ನು ಕೋರ್ಟಿನಲ್ಲಿ ತೆರೆದರು. ಮುಂದಿನ ಎರಡು ಸಾಲು ಖಾಲಿಯಾಯಿತು. ಎಲ್ಲ ಕಿಟಕಿ ತೆಗೆಯಬೇಕೆಂದು ನ್ಯಾಯಾಧೀಶರು ಆದೇಶಿಸಿದರು.