ಮಾಸಿದ ಹಳದಿ ಫ್ರಾಕು

ಆ ಅನಾಥಾಲಯದಲ್ಲಿ ಯಾವ ಬಟ್ಟೆಯೂ ಯಾರ ಸ್ವಂತದ್ದೂ ಅಲ್ಲ. ಬೆಳಿಗ್ಗೆ ಸ್ನಾನ ಮುಗಿಸಿದ ಮಕ್ಕಳು ಟವೆಲು ಸುತ್ತಿಕೊಂಡು ನಡುಗುತ್ತ ಸಾಲಾಗಿ ನಿಲ್ಲುತ್ತಾರೆ. ಒಗೆಯುವ ಕೋಣೆಯ ಬಾಗಿಲಲ್ಲಿ ಕೂತ ಬಟ್ಟೆಯಮ್ಮ ರಾಶಿಗೆ ಕೈ ಹಾಕಿ, ಕಣ್ಣಲ್ಲೇ ಅಳತೆ ತೆಗೆದು, ಒಂದೊಂದನ್ನೇ ಕೊಡುತ್ತಾಳೆ. ನಿನ್ನೆ ಒಬ್ಬನ ಮೈಮೇಲಿದ್ದ ಅಂಗಿ ಇವತ್ತು ಅವನ ಜೊತೆ ಜಗಳವಾಡಿದವನ ಮೈಮೇಲೆ. ಸ್ವಂತದ್ದು ಅಂದರೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ತಾನೆ ಆ ಮಕ್ಕಳು ಅದಕ್ಕಾಗಿ ಅಳುವುದು!

ದೂರದಕ್ಕನಿಗೆ ಮಾತ್ರ ಇದು ಬಂದ ವಾರದಿಂದಲೇ ಹಿಡಿಸಲಿಲ್ಲ. ಅವಳು ಬೇರೆ ದೇಶದಿಂದ ಸೇವೆ ಮಾಡಲೆಂದು ಬಂದವಳು. ಮಕ್ಕಳ ಬಾಯಲ್ಲಿ ದೂರದ ಅಕ್ಕ ದೂರದಕ್ಕ ಆಗಿದ್ದಳು. ಭಾಷೆಯನ್ನು ಮೊದಲೇ ಕಲಿತು ಬಂದಿದ್ದರಿಂದ ಮಾತಿಗೆ ಕೊರತೆ ಇರಲಿಲ್ಲ, ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. "ಪರದೇಶಿ ಮಕ್ಕಳನ್ನ ನೋಡ್ಕೊಳ್ಳೋಕೆ ಪರದೇಶದೋಳೇ ಬರಬೇಕಾಯ್ತು ನೋಡಿ" ಎಂದು ಅಡುಗೆಯವಳು ನಗಾಡಿದರೆ ಅವಳೂ ಜೊತೆಗೆ ನಗುತ್ತಿದ್ದಳು. ಉಗುರು ಕತ್ತರಿಸುವುದು, ಹೇನು ಬಾಚುವುದು, ಸುರಿಯುವ ಮೂಗು ಒರೆಸುವುದು, ಹಾಸಿಗೆ ಒದ್ದೆ ಮಾಡಿಕೊಂಡವರನ್ನು ಬೇರೆಯವರು ಅಣಕಿಸುವ ಮುಂಚೆ ಎಬ್ಬಿಸಿ ತೊಳೆಯುವುದು, ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಅವಳಿಗಿದ್ದದ್ದು ಒಂದೇ ಕಾಯಿಲೆ: ಅನ್ಯಾಯ ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ. "ನಿನ್ನ ಬಾಯಿಗೆ ಹಾಕೋ ಬೀಗ ಇನ್ನೂ ಯಾರೂ ಮಾಡಿಲ್ಲ ಕಣೇ, ಹೋದ ಕಡೆ ಹುಷಾರು" ಎಂದು ಹೊರಡುವಾಗ ಅವಳಮ್ಮ ಹೇಳಿಯೇ ಕಳಿಸಿದ್ದಳು. ವಿಮಾನ ಹತ್ತುವ ಉತ್ಸಾಹದಲ್ಲಿ ಅಮ್ಮನ ಮಾತು ಯಾರ ಕಿವಿಗೆ ಬೀಳುತ್ತದೆ?

ಇಲ್ಲಿ ಅನ್ಯಾಯ ನಡೆಯುತ್ತಿದ್ದದ್ದು ಚೂಟಿಗೆ. ಐದು ವರ್ಷದ ಹುಡುಗಿ, ಓಡಾಟದಲ್ಲಿ ಒಂದು ಕ್ಷಣವೂ ಕಾಲು ನೆಲದ ಮೇಲೆ ನಿಲ್ಲದು. ಕೈಗೂಸಾಗಿದ್ದಾಗ ಯಾರೋ ಗೇಟಿನ ಮುಂದೆ ಮಲಗಿಸಿ ಹೋಗಿದ್ದರಂತೆ. ದಾನಿಗಳು ಕಳಿಸಿದ ಮೂಟೆ ಬಿಚ್ಚಿದ ದಿನ ಎಲ್ಲ ಹುಡುಗಿಯರಿಗೂ ಗರಿಗರಿ ಹೊಸ ಫ್ರಾಕು ಸಿಕ್ಕಿತು. ಚೂಟಿಗೆ ಅದೇ ಹಳೆಯ ಹಳದಿ, ಒಗೆದು ಒಗೆದು ಬಣ್ಣ ಬಿಟ್ಟು ಜಾಳುಜಾಳಾದದ್ದು. ಯಾರ ಬಟ್ಟೆ ಬದಲಾದರೂ ಅವಳದು ಬದಲಾಗದು. ಉಳಿದ ಮಕ್ಕಳ ಕೆನ್ನೆ ಹಿಂಡಿ ರೇಗಿಸುವ ಬಟ್ಟೆಯಮ್ಮ, ಚೂಟಿಯ ಸರದಿ ಬಂದರೆ ಮುಖ ಗಂಟು ಹಾಕಿಕೊಂಡು, "ತಗೋ, ನಡಿ" ಎನ್ನುತ್ತಿದ್ದಳು. ಅಷ್ಟೇ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಓಡುತ್ತಿದ್ದ ಚೂಟಿ ಸೋಪಿನ ನೀರಲ್ಲಿ ಜಾರಿ ಬಿದ್ದು ಮಂಡಿ ಒಡೆದುಕೊಂಡಳು. ನೋವಾದಾಗ ಮಕ್ಕಳಿಗೆ ಯಾರಾದರೇನು, ಹತ್ತಿರ ಸಿಕ್ಕ ಕಾಲನ್ನು ತಬ್ಬಿಕೊಂಡು "ಅಮ್ಮಾ" ಎಂದು ಅತ್ತಳು. ಆ ಕಾಲು ಬಟ್ಟೆಯಮ್ಮನದು. ಬಟ್ಟೆಯಮ್ಮ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನಾನ್ಯಾರ ಅಮ್ಮಾನೂ ಅಲ್ಲ, ಆ ಕಡೆ ಹೋಗು" ಎಂದು ಬೆನ್ನು ತಿರುಗಿಸಿ, ಒದ್ದೆ ಹಾಸುಬಟ್ಟೆಯನ್ನು ಕಲ್ಲಿಗೆ ದಬದಬ ಬಡಿಯತೊಡಗಿದಳು. ಜಗಲಿಯಲ್ಲಿ ಬಟ್ಟೆ ಮಡಿಸುತ್ತಿದ್ದ ದೂರದಕ್ಕ ಇದೆಲ್ಲವನ್ನೂ ನೋಡಿದಳು. ನೋಡಿದ್ದು ಬೆನ್ನನ್ನು, ಮುಖ ಅವಳಿಗೆ ಕಾಣಿಸುವಂತಿರಲಿಲ್ಲ.

ಅವಳು ನೆಟ್ಟಗೆ ವಾರ್ಡನ್ ಕೋಣೆಗೆ ಹೋದಳು. "ಆ ಹೆಂಗಸಿಗೆ ಕರುಳು ಅನ್ನೋದೇ ಇಲ್ಲ. ಮಂಡಿಯಲ್ಲಿ ರಕ್ತ ಬರ್ತಿದ್ರೂ ಮಗೂನ ದೂರ ತಳ್ಳಿದ್ಲು. ನಾನು ಕಣ್ಣಾರೆ ನೋಡಿದೀನಿ." ಹೊರದೇಶದವರ ಎದುರಿಗೆ ಮರ್ಯಾದೆ ಹೋಯಿತಲ್ಲ ಎಂದು ವಾರ್ಡನ್ ಮುಖ ಕೆಂಪಾಯಿತು. ಸಂಜೆಯೊಳಗೆ ಬಟ್ಟೆಯಮ್ಮನಿಗೆ ಕೆಲಸ ಹೋಯಿತು. ಅವಳು ಯಾಕೆಂದು ಕೇಳಲಿಲ್ಲ, ಗೋಗರೆಯಲಿಲ್ಲ. ತಪ್ಪು ಮಾಡಿದವರೇ ಹೀಗೆ ಬಾಯಿ ಮುಚ್ಚಿಕೊಂಡು ಹೋಗುವುದು ಎಂದು ದೂರದಕ್ಕ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಮರುದಿನ ತಾನೇ ಬಟ್ಟೆ ಹಂಚಲು ಕೂತು, ರಾಶಿಯಲ್ಲಿದ್ದ ಅತಿ ಚೆಂದದ ಹೊಸ ಗುಲಾಬಿ ಫ್ರಾಕನ್ನು ಚೂಟಿಗೆ ತೊಡಿಸಿದಳು. ಹುಡುಗಿ ಗಿರಗಿರ ತಿರುಗಿ ಮನೆಯಲ್ಲಿದ್ದವರಿಗೆಲ್ಲ ತೋರಿಸಿ ಬಂದಳು.

ಮಧ್ಯಾಹ್ನದ ಹೊತ್ತಿಗೆ ಚೂಟಿಯ ಕತ್ತು, ಕಂಕುಳು ಎಲ್ಲ ಕೆಂಪು ದದ್ದು. ಕೆರೆದು ಕೆರೆದು ರಕ್ತ ಬರಿಸಿಕೊಂಡಿದ್ದಳು. ಮುಲಾಮು ತರಲೆಂದು ದೂರದಕ್ಕ ಹೊರಟರೆ ಗೇಟಿನಲ್ಲಿ ಬಟ್ಟೆಯಮ್ಮ ನಿಂತಿದ್ದಳು. ಒಳಗೆ ಬಿಟ್ಟುಹೋದ ಚಪ್ಪಲಿಗಾಗಿ ಬಂದಿದ್ದಳಂತೆ. ಅವಳ ಕಣ್ಣು ಮಾತ್ರ ಅಂಗಳದಲ್ಲಿ ಕೆರೆದುಕೊಳ್ಳುತ್ತ ಕೂತ ಗುಲಾಬಿ ಫ್ರಾಕಿನ ಮೇಲಿತ್ತು.

"ಅಕ್ಕಾ, ಅವಳಿಗೆ ಹೊಸ ಬಟ್ಟೆ ಹಾಕ್ಬೇಡಿ. ಹಳೇದೇ ಆಗ್ಬೇಕು, ಮೆತ್ತಗಿರೋದು. ಇಲ್ದಿದ್ರೆ ಹೀಗೇ ಏಳತ್ತೆ. ನನಗೂ ಚಿಕ್ಕೋಳಿದ್ದಾಗಿಂದ ಇದೇ..."

ಅಷ್ಟಕ್ಕೇ ನಿಲ್ಲಿಸಿ ಸೆರಗು ಎಳೆದುಕೊಂಡಳು. ಆದರೆ ಮೊಣಕೈವರೆಗೂ ಹರಡಿದ್ದ ಅದೇ ಕೆಂಪು ದದ್ದು ದೂರದಕ್ಕನ ಕಣ್ಣಿಗೆ ಬಿದ್ದಾಗಿತ್ತು.

"ಅವಳು ನಿಮ್ಮ..."

"ಬಾಯಿ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ತಾಯಿ ಇರೋ ಮಗೂನ ಇಲ್ಲಿ ಇಟ್ಕೊಳ್ಳಲ್ಲ, ಹೊರಗೆ ಹಾಕ್ತಾರೆ. ಅವಳಪ್ಪ ಬಿಟ್ಟು ಹೋದ. ನಂಗೆ ತಲೆ ಮೇಲೆ ಸೂರಿಲ್ಲ. ನನ್ನ ಜೊತೆ ಇದ್ರೆ ಅವಳಿಗೆ ಬೀದಿ. ಇಲ್ಲಿ ಹಾಸಿಗೆ ಇದೆ, ಊಟ ಇದೆ, ನಾಲ್ಕಕ್ಷರ ಕಲೀತಾಳೆ. ದಿನಾ ಕಣ್ಣಲ್ಲಿ ನೋಡ್ಕೊಂಡಿದ್ರೆ ಸಾಕು ಅಂತ ಬಟ್ಟೆ ಕೆಲಸಕ್ಕೆ ಸೇರ್ಕೊಂಡೆ."

"ಮತ್ತೆ ಅವತ್ತು ಬಿದ್ದಾಗ ಯಾಕೆ ಎತ್ಕೊಳ್ಳಲಿಲ್ಲ?"

"ಒಂದ್ಸಲ ಎತ್ಕೊಂಡಿದ್ರೆ ಕೆಳಗಿಳಿಸೋಕೆ ಆಗ್ತಿತ್ತಾ ಅಕ್ಕಾ?"

ದೂರದಕ್ಕ ಒಂದೇ ಉಸಿರಿಗೆ ವಾರ್ಡನ್ ಹತ್ತಿರ ಓಡಿದಳು. ನಾನು ತಪ್ಪು ತಿಳಿದುಕೊಂಡೆ, ಅವಳನ್ನು ಮತ್ತೆ ಕರೆಸಿ ಎಂದು ಬೇಡಿಕೊಂಡಳು.

"ಕಣ್ಣಾರೆ ನೋಡಿದೀನಿ ಅಂದ್ರಲ್ಲ" ಎಂದರು ವಾರ್ಡನ್. "ಏನು ತಪ್ಪು ತಿಳ್ಕೊಂಡ್ರಿ? ಅದನ್ನಾದ್ರೂ ಹೇಳಿ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ತಾಯಿಯ ಹಿಂದೆಯೇ ಮಗಳೂ ಬೀದಿಗೆ. ಹುಟ್ಟಿದಾಗಿನಿಂದ ಬೀಗವಿಲ್ಲದ ಆ ಬಾಯಿಗೆ ಅಂದು ಬೀಗ ಬಿತ್ತು.

"ಪಾಪ, ನಿಮ್ಮದು ಮೆತ್ತಗಿನ ಮನಸ್ಸು" ಎಂದು ವಾರ್ಡನ್ ನಕ್ಕರು. "ಇಂಥವರಿಗೆಲ್ಲ ಮರುಗಬೇಡಿ. ನಾಳೆಯಿಂದ ಬೇರೆಯವಳು ಬರ್ತಾಳೆ."

ಬೇರೆಯವಳು ಬಂದಳು. ಒಗೆಯುವುದಕ್ಕೆ ದೂರದಕ್ಕನೂ ಕೈ ಜೋಡಿಸಿದಳು, ಹಂಚುವುದನ್ನಂತೂ ಯಾರಿಗೂ ಬಿಡಲಿಲ್ಲ. ರಾಶಿಯ ತಳದಿಂದ ಮಾಸಿದ ಹಳದಿಯನ್ನು ಹುಡುಕಿ ತೆಗೆದಾಗ ಒಳಗಿನ ಹೊಲಿಗೆಗಳನ್ನು ನೋಡಿದಳು. ಹುಡುಗಿ ಬೆಳೆದ ಹಾಗೆಲ್ಲ ಅಂಚು ಬಿಚ್ಚಿ ಉದ್ದ ಮಾಡಿ, ಕಂಕುಳಲ್ಲಿ ಮೆತ್ತನೆಯ ತುಂಡು ಸೇರಿಸಿ ಹೊಲಿದಿತ್ತು. ಆ ಇಡೀ ಮನೆಯಲ್ಲಿ ಸ್ವಂತ ಬಟ್ಟೆ ಎಂದು ಇದ್ದದ್ದು ಚೂಟಿಗೊಬ್ಬಳಿಗೇ. ದೂರದಕ್ಕ ಅದನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಬಟ್ಟೆಯಮ್ಮ ಸಂಜೆ ಹೊತ್ತು ಎದುರಿನ ಬಸ್ ನಿಲ್ದಾಣದಲ್ಲಿ ಬಂದು ನಿಲ್ಲುತ್ತಿದ್ದಳು. ಬಸ್ಸುಗಳು ಬಂದು ಹೋದರೂ ಹತ್ತುತ್ತಿರಲಿಲ್ಲ. ನಡುವೆ ಎತ್ತರದ ಗೋಡೆ, ಅವಳಿಗೆ ಏನು ತಾನೆ ಕಾಣಬೇಕು? ದೂರದಕ್ಕ ಊರಿಗೆ ಮರಳುವ ಹಿಂದಿನ ದಿನ ಚೂಟಿಗೆ ತಲೆ ಬಾಚಿ, ಹಳದಿ ಫ್ರಾಕು ಹಾಕಿ, ಕೈ ಹಿಡಿದು ಗೇಟಿಗೆ ಕರೆತಂದಳು. ಕಂಬಿಯ ಮೇಲೆ ಹತ್ತಿಸಿ ನಿಲ್ಲಿಸಿದಳು. ತಾನು ಹೋದ ಮೇಲೆ ಹೀಗೆ ಯಾರು ನಿಲ್ಲಿಸುತ್ತಾರೆ? ಅಡುಗೆಯವಳಿಗೆ ಹೇಳಿ ಹೋಗೋಣವೆಂದರೆ ಏನೆಂದು ಹೇಳುವುದು?

ರಸ್ತೆಯಾಚೆಯ ಹೆಂಗಸನ್ನು ಕಂಡದ್ದೇ ಚೂಟಿ ಧುಮುಕಿ, ದೂರದಕ್ಕನ ಹಿಂದೆ ಅವಿತು, ಅವಳ ಕಾಲನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಅಕ್ಕಾ, ಬಟ್ಟೆಯಮ್ಮ! ಯಾಕೆ ಬಂದಿದ್ದಾಳೆ? ನನ್ನ ಕರ್ಕೊಂಡು ಹೋಗ್ತಾಳಾ?"

ದೂರದಕ್ಕ ಅವಳ ತಲೆ ಸವರಿದಳು. "ಇಲ್ಲ ಪುಟ್ಟಿ. ಅವಳು ನಿನ್ನ ಯಾವತ್ತೂ ಕರ್ಕೊಂಡು ಹೋಗಲ್ಲ."

"ಸದ್ಯ!" ಎಂದು ಚೂಟಿ ಜೋರಾಗಿ ಉಸಿರು ಬಿಟ್ಟಳು.

ರಸ್ತೆಯೇನೂ ಅಗಲವಾಗಿರಲಿಲ್ಲ, ಮಾತು ಆಚೆಗೂ ಕೇಳಿಸಿತು. ಬಟ್ಟೆಯಮ್ಮ ದೂರದಕ್ಕನ ಹಿಂದಿನಿಂದ ಇಣುಕುತ್ತಿದ್ದ ಹಳದಿ ಫ್ರಾಕಿನ ಅಂಚನ್ನು ಇನ್ನೊಂದು ಸಲ ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಬಂದ ಮೊದಲ ಬಸ್ಸನ್ನೇ ಹತ್ತಿದಳು.